586 ಏಕೆ ‘ಪೆಂಟಿಯಂ’ ಆಯಿತು?

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದೆಯೇ? ಇದ್ದರೆ ಅದರ ಪೆಟ್ಟಿಗೆಯನ್ನು ಒಮ್ಮೆ ಗಮನಿಸಿ. ಮುಂಭಾಗದಲ್ಲಿ ಅಂಚೆಚೀಟಿಯಷ್ಟು ದೊಡ್ಡದಾದ ಒಂದು ಚೀಟಿ ಅಂಟಿರಬಹುದು. ಸಾಮಾನ್ಯವಾಗಿ ಅದರ ಮೇಲಿರುವುದು ಒಳಗಿರುವ ಪ್ರೊಸೆಸರಿನ ಹೆಸರು. ಕಣ್ಣಿಗೇ ಕಾಣದ ಈ ಭಾಗಕ್ಕೆ ಹೆಸರೇಕೆ ಬೇಕಾಯಿತು? ಆ ಹೆಸರನ್ನು ನಾವು ಎಷ್ಟು ನಂಬಬಹುದು? ಬನ್ನಿ, ತಿಳಿಯೋಣ.

ಕಂಪ್ಯೂಟರಿನಲ್ಲಿ ಕೂಡುವ, ಕಳೆಯುವ, ಹೋಲಿಸುವ ಕೆಲಸವನ್ನೆಲ್ಲ ಮಾಡುವುದು ಪ್ರೊಸೆಸರ್. ಇದು ಸಿಲಿಕಾನಿನ ಒಂದು ಚಿಕ್ಕ ಬಿಲ್ಲೆ. ಇದರ ಮೇಲೆ ಟ್ರಾನ್ಸಿಸ್ಟರ್ ಎಂಬ ಅತಿ ಸೂಕ್ಷ್ಮ ಸ್ವಿಚ್ಚುಗಳಿರುತ್ತವೆ.

1971ರಲ್ಲಿ ಅಮೆರಿಕದ ಇಂಟೆಲ್ ಕಂಪನಿಯು 4004 ಎಂಬ ಪ್ರೊಸೆಸರನ್ನು ಮಾರಾಟಕ್ಕೆ ತಂದಿತು. ಜಪಾನಿನ ಕಂಪನಿಯೊಂದರ ಕ್ಯಾಲ್ಕುಲೇಟರಿಗಾಗಿ ತಯಾರಾದ ಇದರಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. 1978ರಲ್ಲಿ 8086 ಬಂದಿತು. ಅದರ ಹಿಂದೆಯೇ 80286, 80386, 80486 ಬಂದವು. ಜನ ಇವುಗಳನ್ನು ಚಿಕ್ಕದಾಗಿ 286, 386, 486 ಎಂದು ಕರೆದರು. ಒಂದನೇ ತರಗತಿ, ಎರಡನೇ ತರಗತಿ ಎಂದಂತೆ ಇದು ಸುಲಭವಾಗಿತ್ತು. ಸಂಖ್ಯೆ ದೊಡ್ಡದಾದರೆ ಪ್ರೊಸೆಸರ್ ಹೊಸದು ಎಂದರ್ಥ.

ಆದರೆ ಒಂದು ತೊಡಕು ಎದುರಾಯಿತು. ಎಎಂಡಿ ಎಂಬ ಇನ್ನೊಂದು ಕಂಪನಿಯೂ ತನ್ನ ಪ್ರೊಸೆಸರಿನ ಹೆಸರಿನಲ್ಲಿ 386 ಎಂದು ಸೇರಿಸಿತು. ಇಂಟೆಲ್ ನ್ಯಾಯಾಲಯಕ್ಕೆ ಹೋಯಿತು. ‘386’ ಎಂಬುದು ಒಂದೇ ಕಂಪನಿಯ ಸ್ವತ್ತಲ್ಲ ಎಂದು ಅಲ್ಲಿನ ನ್ಯಾಯಾಧೀಶರು 1991ರಲ್ಲಿ ತೀರ್ಪಿತ್ತರು. ಆದ್ದರಿಂದ ಮುಂದೆ ಬರಬೇಕಿದ್ದ 586ಕ್ಕೆ ಇಂಟೆಲ್ ಸಂಖ್ಯೆಯ ಬದಲು ಹೆಸರನ್ನೇ ಇಟ್ಟಿತು. ಅದೇ 1993ರಲ್ಲಿ ಬಂದ ಪೆಂಟಿಯಂ. ಗ್ರೀಕ್ ಭಾಷೆಯಲ್ಲಿ ‘ಪೆಂಟೆ’ ಎಂದರೆ ಐದು. ನಾವು ಪಂಚಾಂಗ, ಪಂಚಾಯಿತಿ ಎನ್ನುವಾಗ ಬಳಸುವ ಸಂಸ್ಕೃತದ ‘ಪಂಚ’ ಇದೇ ಪದದ ನಂಟ! ಕೊನೆಯ ‘ಇಯಂ’ ಸೋಡಿಯಂ, ಕ್ಯಾಲ್ಸಿಯಂಗಳಲ್ಲಿ ಇರುವಂಥದ್ದೇ.

ಪೆಂಟಿಯಂನಲ್ಲಿ 31 ಲಕ್ಷ ಟ್ರಾನ್ಸಿಸ್ಟರುಗಳಿದ್ದವು. ಹೆಸರು ಬಹುಬೇಗ ಮನೆಮಾತಾಯಿತು. ಆದರೆ 1994ರಲ್ಲಿ ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅದರಲ್ಲಿ ಒಂದು ದೋಷವನ್ನು ಪತ್ತೆಹಚ್ಚಿದರು. ಕೆಲವು ಭಾಗಾಕಾರಗಳಿಗೆ ಅದು ತಪ್ಪು ಉತ್ತರ ಕೊಡುತ್ತಿತ್ತು! ನಾವು ಮಗ್ಗಿಯನ್ನು ನೆನೆದು ಭಾಗಿಸುವಂತೆ ಪೆಂಟಿಯಂ ಕೂಡ ತನ್ನೊಳಗಿನ ಒಂದು ಕೋಷ್ಟಕವನ್ನು ನೋಡಿ ಭಾಗಿಸುತ್ತಿತ್ತು. ಆ ಕೋಷ್ಟಕದಲ್ಲಿ ಕೆಲವು ಅಂಕಿಗಳು ಬಿಟ್ಟುಹೋಗಿದ್ದವು. ಇದರಿಂದ ಸಾಮಾನ್ಯ ಬಳಕೆದಾರರಿಗೆ ತೊಂದರೆಯಿಲ್ಲ ಎಂದು ಕಂಪನಿ ಮೊದಲು ವಾದಿಸಿತು. ಜನ ಒಪ್ಪಲಿಲ್ಲ. ಕೊನೆಗೆ ಕೇಳಿದವರಿಗೆಲ್ಲ ಹೊಸ ಪ್ರೊಸೆಸರ್ ಕೊಡುವುದಾಗಿ ಅದು ಒಪ್ಪಿಕೊಂಡಿತು. ಇದಕ್ಕಾಗಿ 47.5 ಕೋಟಿ ಡಾಲರನ್ನು ತೆಗೆದಿರಿಸಬೇಕಾಯಿತು.

ಮುಂದೆ ಹೆಸರಿನ ಬೆಲೆಯೂ ಬದಲಾಯಿತು. 1993ರಲ್ಲಿ ಪೆಂಟಿಯಂ ಎಂದರೆ ಇಂಟೆಲ್‌ನ ವೈಯಕ್ತಿಕ ಕಂಪ್ಯೂಟರ್ ಪ್ರೊಸೆಸರುಗಳಲ್ಲೇ ಉತ್ತಮವಾದದ್ದು. 2006ರಲ್ಲಿ ‘ಕೋರ್ 2’ ಬಂದ ಮೇಲೆ ಅದೇ ಹೆಸರು ಕಡಿಮೆ ಬೆಲೆಯ ಪ್ರೊಸೆಸರುಗಳಿಗೆ ಹೋಯಿತು. 2023ರಿಂದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಹೆಸರನ್ನು ಕೈಬಿಡುವುದಾಗಿ ಕಂಪನಿ 2022ರಲ್ಲಿ ಪ್ರಕಟಿಸಿತು. ಕೋರ್ ಐ3, ಐ5, ಐ7 ಎಂಬ ಹೆಸರುಗಳನ್ನೂ ನೀವು ಕೇಳಿರಬಹುದು. ಐ5 ಎಂದರೆ ಒಳಗೆ ಐದು ಕೋರ್‌ಗಳಿವೆ ಎಂದಲ್ಲ. ಹಳೆಯ ಐ7ಗಿಂತ ಹೊಸ ಐ3 ವೇಗವಾಗಿ ಕೆಲಸ ಮಾಡುವುದೂ ಉಂಟು.

ಆದ್ದರಿಂದ ಚೀಟಿಯ ಮೇಲಿನ ಹೆಸರನ್ನು ನೋಡಿಯೇ ಒಂದು ಕಂಪ್ಯೂಟರನ್ನು ಮೇಲು, ಇನ್ನೊಂದನ್ನು ಕೀಳು ಎನ್ನಬೇಡಿ. ಪ್ರೊಸೆಸರ್ ಯಾವ ವರ್ಷದ್ದು, ಕೋರ್‌ಗಳು ಎಷ್ಟು, ನಮಗೆ ಬೇಕಾದ ಕೆಲಸವನ್ನು ಎಷ್ಟು ಹೊತ್ತಿನಲ್ಲಿ ಮಾಡುತ್ತದೆ ಎಂದು ಕೇಳಿ.

ಮಾಡಿ ನೋಡಿ: 4195835ನ್ನು 3145727ರಿಂದ ಕಾಗದದ ಮೇಲೆ ಭಾಗಿಸಿ. ನಾಲ್ಕು ದಶಾಂಶ ಸ್ಥಾನಗಳವರೆಗೆ ಸಾಕು. ದೋಷವಿದ್ದ ಪೆಂಟಿಯಂ ಕೊಟ್ಟ ಉತ್ತರ 1.3337. ನಿಮಗೆ ಎಷ್ಟು ಬಂದಿತು? 1.3338 ಬಂದಿದ್ದರೆ ಶಭಾಷ್! 31 ಲಕ್ಷ ಸ್ವಿಚ್ಚುಗಳು ತಪ್ಪಿದ ಲೆಕ್ಕವನ್ನು ನಿಮ್ಮ ಪೆನ್ಸಿಲ್ ಸರಿಯಾಗಿ ಮಾಡಿದೆ.