ತರಾಸು ಹಾವು, ಪುಟ್ಟಣ್ಣನ ಹಾವು

ನಾಗರಹಾವನ್ನು ನಿರ್ದೇಶಕ ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ಕಾದಂಬರಿಕಾರ ತ.ರಾ. ಸುಬ್ಬರಾಯರು (ತರಾಸು) ಸಿಡುಕಿದರಂತೆ. 1972ರ ಡಿಸೆಂಬರ್ ಕೊನೆಯಲ್ಲಿ ‘ನಾಗರಹಾವು’ ಸಿನಿಮಾ ತೆರೆಕಂಡ ಹೊತ್ತಿನದೆನ್ನುವ ಈ ಮಾತು ಐವತ್ತು ವರ್ಷ ದಾಟಿದರೂ ಬಾಯಿಂದ ಬಾಯಿಗೆ ಓಡಾಡುತ್ತಲೇ ಇದೆ. ಬಬ್ಬೂರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಇದು ಗಾಂಧಿನಗರದ ಯಾವುದೋ ಹಳೇ ತಂಟೆಯಲ್ಲ, ಮನೆಯ ಜಗಳ. ಬರೆದವರು ಚಳ್ಳಕೆರೆ ಸೀಮೆಯ ತಳುಕಿನ ಮನೆತನದವರು, ಕಥೆ ನಡೆಯುವುದು ಚಿತ್ರದುರ್ಗದಲ್ಲಿ, ಸಿನಿಮಾದಲ್ಲಿ ಕಾಣುವ ಬಂಡೆ, ಬತೇರಿ, ಬಾಗಿಲುಗಳೆಲ್ಲ ಇಲ್ಲಿನ ಮಕ್ಕಳು ಶಾಲೆಯಿಂದ ಸಾಲುಗಟ್ಟಿ ಹೋಗಿ ಹತ್ತಿಳಿಯುವ ಜಾಗಗಳು. ಹಾಗಾಗಿ ಓದಿದವರದು ಒಂದು ಪಕ್ಷ, ನೋಡಿದವರದು ಇನ್ನೊಂದು. ಮೂರು ಕಾದಂಬರಿಗಳ ನಾಯಕ ರಾಮಾಚಾರಿಯನ್ನು ಮೂರು ಗಂಟೆಗೆ ಕತ್ತರಿಸಿದರೆ ಉಳಿಯುವುದೇನು ಎಂದು ಒಬ್ಬರು ಕೇಳುತ್ತಾರೆ. ಆ ಸಿನಿಮಾ ಬರದಿದ್ದರೆ ರಾಮಾಚಾರಿ ಎಂಬ ಹೆಸರು ನಮ್ಮೂರ ಎಷ್ಟು ಜನಕ್ಕೆ ಗೊತ್ತಾಗುತ್ತಿತ್ತು ಎಂದು ಮತ್ತೊಬ್ಬರು ತಿರುಗಿಸಿ ಕೇಳುತ್ತಾರೆ. 2018ರ ಜುಲೈನಲ್ಲಿ ಚಿತ್ರ ಹೊಸ ಬಣ್ಣ, ಹೊಸ ಧ್ವನಿಯೊಂದಿಗೆ ಮತ್ತೆ ಬಿಡುಗಡೆಯಾದಾಗ ಈ ವಾದಕ್ಕೂ ಮರುಜೀವ ಬಂತು.

ಇಂಥ ಜಗಳದಲ್ಲಿ ಮೊದಲು ಬಯಲಿಗೆ ಬೀಳುವುದು ಕೊರತೆಗಳ ಪಟ್ಟಿ: ಆ ಪ್ರಸಂಗ ಬಿಟ್ಟರು, ಈ ಪಾತ್ರವನ್ನು ಕುಗ್ಗಿಸಿದರು, ಇಲ್ಲದ ಹಾಡು ತುರುಕಿದರು. ಆದರೆ ಪಟ್ಟಿ ಎಷ್ಟೇ ಉದ್ದವಾದರೂ ಅದರಿಂದ ತೀರ್ಪು ಹುಟ್ಟುವುದಿಲ್ಲ. ಓದುಗ ತಿಂಗಳುಗಟ್ಟಲೆ ಜೊತೆಗಿಟ್ಟುಕೊಳ್ಳುವ ಪುಸ್ತಕವನ್ನು ಒಂದು ಮ್ಯಾಟಿನಿಗೆ ಇಳಿಸುವವನು ಬಿಡಲೇಬೇಕು, ಬದಲಿಸಲೇಬೇಕು. ಕೇಳಬೇಕಾದ ಪ್ರಶ್ನೆ ಬೇರೆ ಇದೆ ಎಂಬುದು ನನ್ನ ವಾದ. ಕಥೆಯಲ್ಲಿ ಒಂದನ್ನು ಬದಲಿಸಿದ ಕ್ಷಣವೇ ನಿರ್ದೇಶಕ ಸಾಲಗಾರನಾಗುತ್ತಾನೆ. ಆ ಬದಲಾವಣೆಯಿಂದ ಮುಂದಿನ ದೃಶ್ಯಗಳಲ್ಲಿ ಏನೇನು ಬದಲಾಗಬೇಕಾಗುತ್ತದೋ ಅದನ್ನೆಲ್ಲ ಅವನು ತೀರಿಸಿದನೇ, ಇಲ್ಲವೇ? ತೀರಿಸಿದ್ದರೆ ಸಿನಿಮಾ ತನ್ನ ಕಾಲ ಮೇಲೆ ನಿಲ್ಲುತ್ತದೆ, ಮೂಲ ಲೇಖಕರಿಗೆ ಎಷ್ಟೇ ಕೋಪ ಬಂದಿರಲಿ. ತೀರಿಸದಿದ್ದರೆ ಮೂಲವನ್ನು ಓದದವನಿಗೂ ಎಲ್ಲೋ ಏನೋ ಹೊಂದುತ್ತಿಲ್ಲ ಅನ್ನಿಸುತ್ತದೆ.

ಈ ಲೆಕ್ಕ ತೀರಾ ನಿಚ್ಚಳವಾಗಿ ಕಾಣುವುದು ಅದ್ಭುತಲೋಕದ ಕಾದಂಬರಿಗಳಲ್ಲಿ. ಅಲ್ಲಿನ ಮಾಂತ್ರಿಕತೆಗೆ ನಮ್ಮ ಲೋಕದ ಆಧಾರವಿಲ್ಲ; ಲೇಖಕ ಹಾಕಿದ ಕಟ್ಟಳೆಯೇ ಅದರ ಬುನಾದಿ. ಜರ್ಮನ್ ಲೇಖಕ ಮೈಕಲ್ ಎಂಡೆಯ ‘ನೆವರ್‌ಎಂಡಿಂಗ್ ಸ್ಟೋರಿ’ಯನ್ನು ವೂಲ್ಫ್‌ಗಾಂಗ್ ಪೀಟರ್ಸನ್ 1984ರಲ್ಲಿ ತೆರೆಗೆ ತಂದರು. ಪುಸ್ತಕದಲ್ಲಿ ಹುಡುಗ ಬಾಸ್ಟಿಯನ್‌ನ ಬಯಕೆಗಳು ಈಡೇರುತ್ತವೆ ನಿಜ, ಆದರೆ ಪ್ರತಿ ಬಯಕೆಗೂ ಅವನ ಒಂದೊಂದು ನೆನಪು ಕಳೆದುಹೋಗುತ್ತದೆ. ಸಿನಿಮಾ ಪುಸ್ತಕದ ನಡುವಿನಲ್ಲೇ ನಿಂತುಬಿಡುತ್ತದೆ. ಹುಡುಗ ಡ್ರ್ಯಾಗನ್ ಏರಿ ತನ್ನ ಊರಿಗೇ ಬಂದು, ತನ್ನನ್ನು ಪೀಡಿಸುತ್ತಿದ್ದ ಹುಡುಗರನ್ನು ಓಡಿಸುತ್ತಾನೆ. ಅದಕ್ಕೆ ಅವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಎಂಡೆ ಚಿತ್ರದಿಂದ ತಮ್ಮ ಹೆಸರು ತೆಗೆಸಿದರು, ನ್ಯಾಯಾಲಯಕ್ಕೂ ಹೋಗಿ ಸೋತರು. ಕಾನೂನಿನ ಮಾತು ಬಿಡಿ, ಕಥೆಯ ಮಟ್ಟಿಗೆ ಅವರದೇ ಸರಿ. ಅರ್ಧ ಪುಸ್ತಕ ಬಿಟ್ಟದ್ದನ್ನು ಕ್ಷಮಿಸಬಹುದಿತ್ತು. ಬಯಕೆಗೆ ಬೆಲೆಯಿದೆ ಎಂಬ ಕಟ್ಟಳೆಯನ್ನೇ ಅಳಿಸಿದ ಮೇಲೆ ಉಳಿದದ್ದು ಬೇರೆ ಕಥೆ. ಟೋಲ್ಕಿನ್ ಅಭಿಮಾನಿಗಳು ಪೀಟರ್ ಜಾಕ್ಸನ್ ಮೇಲೆ ಹೊರಿಸುವ ದೂರು ಇಷ್ಟು ದೊಡ್ಡದಲ್ಲ, ಆದರೆ ಜಾತಿ ಅದೇ. 2001ರಿಂದ 2003ರ ತನಕ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಲ್ಲಿ ಟಾಮ್ ಬಾಂಬಡಿಲ್ ಎಂಬ ಪಾತ್ರ ಪೂರಾ ಮಾಯ. ಹಾಡಿಕೊಂಡು ಓಡಾಡುವ ಆ ಮುದುಕ ಇಲ್ಲದಿದ್ದರೆ ಏನಾಯಿತು ಎನ್ನಬಹುದು. ಆದರೆ ಮುಂದೆ ಯುದ್ಧದಲ್ಲಿ ಮಾಟಗಾರ ದೊರೆಯ ಮಾಟ ಮುರಿಯುವ ಕತ್ತಿ ಮೆರ್ರಿಗೆ ಸಿಗುವುದು ಆ ಮುದುಕನ ಪ್ರಸಂಗದಲ್ಲಿ, ಹಳೆಯ ಸಮಾಧಿಯೊಂದರಿಂದ. ಸಿನಿಮಾದಲ್ಲಿ ಅಂಥ ಕತ್ತಿಯಿಲ್ಲ, ಹಾಗಾಗಿ ಆ ಪೆಟ್ಟಿಗೆ ಕಾರಣವೂ ಇಲ್ಲ. ಬಹುತೇಕ ಪ್ರೇಕ್ಷಕರು ಇದನ್ನು ಗಮನಿಸುವುದಿಲ್ಲ ಎಂಬುದು ಜಾಕ್ಸನ್ ಅದೃಷ್ಟ.

ಈಗ ದುರ್ಗಕ್ಕೆ ಬರೋಣ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರಕ್ಕೆ ಸೇರಿಸಿದರು. ಹೆಸರುಗಳನ್ನು ನೋಡಿದರೇ ತರಾಸು ಅವರ ಒಲವು ಎತ್ತ ಎಂಬುದರ ಸುಳಿವು ಸಿಗುತ್ತದೆ: ಹಾವು, ಹೆಣ್ಣು, ಮತ್ತೆ ಹಾವಿನ ಹಗೆ. ಸಿನಿಮಾದ ಕೇಂದ್ರದಲ್ಲಿ ಇವೆಲ್ಲಕ್ಕಿಂತ ಮುಂದೆ ನಿಂತಿರುವುದು ಚಾಮಯ್ಯ ಮೇಷ್ಟ್ರು. ಇದೇ ಪುಟ್ಟಣ್ಣನ ದೊಡ್ಡ ಆಯ್ಕೆ, ಇದೇ ಅವರು ಹೊತ್ತ ಸಾಲ. ಅದನ್ನು ಅವರು ತೀರಿಸಿದ ಬಗೆ ನೋಡಿ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅವಮಾನಗೊಂಡ ಹುಡುಗ ರಾತ್ರೋರಾತ್ರಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಬಿಗಿಯುತ್ತಾನೆ. ತಂದೆಗೆ ಬಗ್ಗದವನು ಮಕ್ಕಳಿಲ್ಲದ ಮೇಷ್ಟ್ರ ಮಾತಿಗೆ ಮಾತ್ರ ಬಗ್ಗುತ್ತಾನೆ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುವುದು ಸಮಾಜಕ್ಕೆ ಹೆದರಿ ಅಲ್ಲ, ಮೇಷ್ಟ್ರು ಹೇಳಿದರೆಂದು. ಆ ತ್ಯಾಗದಿಂದ ಅಲಮೇಲುವಿನ ಬದುಕು ಹಾಳಾದದ್ದನ್ನು ಕಣ್ಣಾರೆ ಕಂಡ ಮೇಲೆ, ಆಮೇಲೆ ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲಿ ಅದೇ ಮೇಷ್ಟ್ರು ಮತ್ತೆ ಅಡ್ಡ ಬಂದಾಗ, ಅವನ ಮುಂದೆ ಎರಡೂ ದಾರಿ ಮುಚ್ಚಿರುತ್ತವೆ. ಬೆಟ್ಟದ ಮೇಲೆ ಮೇಷ್ಟ್ರು ಸಾಯುತ್ತಾರೆ, ಆಮೇಲೆ ಆ ಜೋಡಿಯೂ. ಮೊದಲ ದೃಶ್ಯದಿಂದ ಕೊನೆಯ ತನಕ ಒಂದೇ ದಾರ. ಪ್ರೀತಿಯಿಂದಲೇ ಒಬ್ಬ ಶಿಷ್ಯನನ್ನು ಕೆಡಿಸಿದ ಗುರುವಿನ ಕಥೆಯಾಗಿ ನೋಡಿದರೆ ಈ ಸಿನಿಮಾದಲ್ಲಿ ಸಡಿಲ ಗಂಟು ಕಡಿಮೆ. ಕೆ.ಎಸ್. ಅಶ್ವಥ್ ಆ ಮೇಷ್ಟ್ರನ್ನು ಒಳ್ಳೆಯವರನ್ನಾಗಿಯೇ ಆಡಿದ್ದರಿಂದ ತಪ್ಪು ಯಾರದು ಎಂದು ಪ್ರೇಕ್ಷಕ ಸುಲಭಕ್ಕೆ ಹೇಳಲಾರ. ವಿಷ್ಣುವರ್ಧನ್ ಎಂಬ ಹೊಸ ಹುಡುಗನ ಸಿಟ್ಟಿನಷ್ಟೇ ಚಿತ್ರವನ್ನು ನಿಲ್ಲಿಸಿದ್ದು ಅಶ್ವಥ್ ಅವರ ಈ ಮೆತ್ತನೆಯ ಹಟ.

ಎಲ್ಲ ಬಾಕಿಯೂ ತೀರಿದೆ ಎಂದಲ್ಲ. ಅಲಮೇಲು ಮದುವೆಯಾಗಿ ಹೋದಲ್ಲಿಂದ ರಾಮಾಚಾರಿಗೆ ಹೋಟೆಲಿನಲ್ಲಿ ಎದುರಾಗುವ ತನಕದ ಅವಳ ಬದುಕು ಕೆಲವೇ ಮಾತುಗಳಲ್ಲಿ ಮುಗಿಯುತ್ತದೆ. ಮಾರ್ಗರೆಟ್‌ಗಂತೂ ಉಸಿರಾಡಲು ಜಾಗವಿಲ್ಲ. ಒಂದು ಇಡೀ ಕಾದಂಬರಿಗಾಗುವಷ್ಟು ಹೆಣ್ಣು ಕೊನೆಯ ಭಾಗದಲ್ಲಿ ಬಂದು, ಕಾಡಿ, ಸತ್ತು ಹೋಗುತ್ತಾಳೆ. ಸಿನಿಮಾವನ್ನು ಗುರುಶಿಷ್ಯರ ಸುತ್ತ ಕಟ್ಟಿದ್ದಕ್ಕೆ ದಂಡ ತೆತ್ತವರು ಈ ಇಬ್ಬರು ಹೆಣ್ಣುಮಕ್ಕಳು. ತರಾಸು ಅವರ ಸಿಟ್ಟಿಗೆ ನಿಜವಾದ ಬೆಂಬಲ ಸಿಗುವುದು ಇಲ್ಲಿ, ಹಾವಿನ ವಿಷ ಇಳಿಯಿತೆಂಬ ಮಾತಿನಲ್ಲಲ್ಲ. ಇನ್ನು ಜಯಂತಿ ಒನಕೆ ಓಬವ್ವನಾಗಿ ಬರುವ ಹಾಡು. ಕಥೆಗೆ ಅದರಿಂದ ಒಂದಡಿಯೂ ಮುನ್ನಡೆಯಿಲ್ಲ, ಆದ್ದರಿಂದ ಅದು ಬೇಡವಾಗಿತ್ತು ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ಕೋಟೆಯ ಕಿಂಡಿಯೊಂದಕ್ಕೆ ಹೆಣ್ಣೊಬ್ಬಳು ಕಾವಲು ನಿಂತ ಊರಿನಲ್ಲಿ ಹುಟ್ಟಿದ ಹುಡುಗ ಬಗ್ಗುವುದನ್ನು ಕಲಿಯಲಿಲ್ಲ ಎಂಬುದನ್ನು ಸಂಭಾಷಣೆಯಲ್ಲಿ ಹೇಳಿಸುವುದಕ್ಕಿಂತ ಇದು ವಾಸಿ.

ನನ್ನ ಈ ಸಾಲದ ವಾದಕ್ಕೊಂದು ಬಲವಾದ ಆಕ್ಷೇಪವಿದೆ. ಸಿನಿಮಾ ಬೇರೆಯೇ ಕಲೆ, ಅದು ಪುಸ್ತಕದ ಸಾಲವನ್ನು ಏಕೆ ಹೊರಬೇಕು? ನಮ್ಮಲ್ಲಿ ಹಳೆಯ ಕಥೆಯನ್ನು ಬದಲಿಸಿ ಹೇಳದ ಕವಿ ಯಾರಿದ್ದಾರೆ? ನಿಜ. ಪಂಪ 941ರಲ್ಲಿ ಮುಗಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ ಕವಿಗೆ ಇದು ಬೇಕಿತ್ತು. ಆದರೆ ಇದೇ ಉದಾಹರಣೆ ನನ್ನ ಕಡೆಗೂ ಸಾಕ್ಷಿ ನುಡಿಯುತ್ತದೆ. ತಮ್ಮನ ಹೆಂಡತಿಯನ್ನು ಧರ್ಮರಾಯ ಜೂಜಿಗೆ ಒಡ್ಡಿದ್ದು ಯಾವ ಹಕ್ಕಿನಿಂದ? ಅರ್ಜುನ ಕೂತಿರುವಾಗ ಅವಳ ಮಾನಕ್ಕಾಗಿ ಭೀಮ ಪ್ರತಿಜ್ಞೆ ಮಾಡುವುದು ಏಕೆ? ಪಂಡಿತರು ಇದನ್ನು ಬಹಳ ಕಾಲದಿಂದ ಎತ್ತಿ ತೋರಿಸುತ್ತ ಬಂದಿದ್ದಾರೆ. ಪಂಪನ ಪ್ರತಿಭೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ; ಆ ಒಂದು ಬದಲಾವಣೆಯ ಬಾಕಿ ಮಾತ್ರ ಸಭಾಪ್ರಸಂಗದಲ್ಲಿ ಹಾಗೇ ಉಳಿದಿದೆ. ಬೇಕಾದ್ದನ್ನು ಬದಲಿಸುವ ಸ್ವಾತಂತ್ರ್ಯ ನಮ್ಮ ಪರಂಪರೆಯಲ್ಲಿ ಧಾರಾಳವಾಗಿದೆ. ಕಾರಣ ಒದಗಿಸುವ ಕೆಲಸದಿಂದ ಆದಿಕವಿಗೂ ವಿನಾಯಿತಿ ಸಿಕ್ಕಿಲ್ಲ. ಗಿರೀಶ್ ಕಾಸರವಳ್ಳಿ ಅವರ ‘ನಾಯಿ ನೆರಳು’ (2006) ಈ ಕೆಲಸವನ್ನು ಚೊಕ್ಕವಾಗಿ ಮಾಡಿದ ಚಿತ್ರ. ಎಸ್.ಎಲ್. ಭೈರಪ್ಪನವರ ಕಾದಂಬರಿ ಮರುಹುಟ್ಟಿನ ಸುತ್ತ ಬೆಳೆದದ್ದು, ಕನ್ನಡದ ಗಂಭೀರ ಕಾದಂಬರಿಗಳಲ್ಲಿ ಅದ್ಭುತಕ್ಕೆ ಅಷ್ಟು ಹತ್ತಿರ ಹೋದವು ವಿರಳ. ಸಿನಿಮಾ ಆ ಪ್ರಶ್ನೆಯನ್ನು ಇತ್ಯರ್ಥ ಮಾಡದೆ, ಸತ್ತ ಗಂಡನೇ ಮರಳಿದ್ದಾನೆ ಎನ್ನಲಾದ ತರುಣನನ್ನು ಒಪ್ಪುವ ವಿಧವೆ ವೆಂಕಟಲಕ್ಷ್ಮಿಯ ಕಡೆ ತಿರುಗುತ್ತದೆ. ಅವನು ಯಾರು ಎನ್ನುವುದಕ್ಕಿಂತ ಅವಳು ಏನನ್ನು ಆರಿಸಿಕೊಂಡಳು ಎನ್ನುವುದು ಮುಖ್ಯವಾದ ಮೇಲೆ ಪ್ರತಿ ದೃಶ್ಯವೂ ಅವಳ ಕಡೆಯಿಂದಲೇ ಬರುತ್ತದೆ. ಭೈರಪ್ಪನವರ ಓದುಗರು ಮುನಿಸಿಕೊಳ್ಳಬಹುದು, ಲೆಕ್ಕ ತಪ್ಪಿದೆ ಎನ್ನಲಾರರು.

ಹಾಗಾದರೆ ಅಭಿಮಾನಿಗಳ ಸಿಟ್ಟು ಏಳುವುದು ಎಲ್ಲಿಂದ? ಬದಲಾವಣೆಯ ಪ್ರಮಾಣದಿಂದಂತೂ ಅಲ್ಲ. ತರಾಸು ಅವರದೇ ‘ಹಂಸಗೀತೆ’ಯನ್ನು ನೋಡಿ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಈ ಕಥೆಯನ್ನು ಆಧರಿಸಿ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಬಂತು. ಊರು ಹೋಯಿತು, ಹೆಸರು ಹೋಯಿತು, ಕರ್ನಾಟಕ ಸಂಗೀತದ ಜಾಗಕ್ಕೆ ಹಿಂದೂಸ್ತಾನಿ ಬಂತು. ಮನ್ನಾ ಡೇ ಜೊತೆ ಭೀಮಸೇನ ಜೋಶಿಯವರು ಹಾಡಿದ ಜುಗಲ್‌ಬಂದಿ ಮಾತ್ರ ನೆನಪಿನಲ್ಲಿ ಉಳಿಯಿತು. ದುರ್ಗದಲ್ಲಿ ಯಾರೂ ಈ ಚಿತ್ರದ ಮೇಲೆ ಜಗಳಕ್ಕೆ ಹೋದದ್ದಿಲ್ಲ. 1975ರಲ್ಲಿ ಜಿ.ವಿ. ಅಯ್ಯರ್ ಅದೇ ಹೆಸರಿನಲ್ಲಿ, ಅದೇ ಊರಿನ ಕಥೆಯಾಗಿ ‘ಹಂಸಗೀತೆ’ ಮಾಡಿದಾಗ ಮಾತ್ರ ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡುವ ಪ್ರಶ್ನೆ ಬಂತು. ಅಲ್ಲಿ ಅಯ್ಯರ್ ಮುಂದಿದ್ದ ಕಷ್ಟ ಪುಟ್ಟಣ್ಣನವರಿಗಿಂತ ದೊಡ್ಡದು. ಕಾದಂಬರಿ ಒಂದು ರಾಗವನ್ನು ಬಣ್ಣಿಸಿ ಓದುಗನ ಕಲ್ಪನೆಗೆ ಬಿಡಬಹುದು. ಸಿನಿಮಾ ಅದನ್ನು ಕೇಳಿಸಲೇಬೇಕು, ಕೇಳಿದವನಿಗೆ ಈ ಕಂಠಕ್ಕಾಗಿ ಒಬ್ಬ ನಾಲಿಗೆಯನ್ನೇ ಕತ್ತರಿಸಿಕೊಂಡಾನು ಎನ್ನಿಸಬೇಕು. ಬಾಲಮುರಳಿಕೃಷ್ಣ ಅವರ ಕಂಠ ಆ ಬಾಕಿಯನ್ನು ತೀರಿಸಿತು, ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು. ಹೆಸರನ್ನು, ಊರನ್ನು ತೆಗೆದುಕೊಂಡವನಿಂದ ಮಾತ್ರ ಜನ ಲೆಕ್ಕ ಕೇಳುತ್ತಾರೆ. ಓದುಗ ತನ್ನ ಮನಸ್ಸಿನ ಚಿತ್ರ ಕೆಟ್ಟಿತೆಂದು ಗೊಣಗುವುದು ಬರೀ ಹಟ ಎನ್ನುವವರು ಇದನ್ನು ಮರೆಯುತ್ತಾರೆ. ವಿಷ್ಣುವರ್ಧನ್ ಮುಖವಿಲ್ಲದ ರಾಮಾಚಾರಿಯನ್ನು ಇವತ್ತು ಹೊಸದಾಗಿ ಪುಸ್ತಕ ತೆರೆದವನು ಕಲ್ಪಿಸಿಕೊಳ್ಳುವುದು ಕಷ್ಟ. ಅಷ್ಟು ದೊಡ್ಡ ಜಾಗ ಆಕ್ರಮಿಸಿದವನನ್ನು ಪ್ರಶ್ನಿಸುವುದು ಅನ್ಯಾಯವೇನಲ್ಲ.

ಇದೆಲ್ಲ ಹಳೆಯ ಕಥೆ ಎನ್ನುವಂತಿಲ್ಲ, ಏಕೆಂದರೆ ಈ ಜಿಲ್ಲೆಯ ದೊಡ್ಡ ಪುಸ್ತಕ ಇನ್ನೂ ತೆರೆಗೆ ಬಂದಿಲ್ಲ. ತರಾಸು 1984ರಲ್ಲಿ ತೀರಿಕೊಂಡರು. ಮರುವರ್ಷ ದುರ್ಗದ ದೊರೆ ಮದಕರಿನಾಯಕನ ಕಥೆಯಾದ ಆ ಪುಸ್ತಕ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದುರ್ಗದವರೇ ಆದ ಬಿ.ಎಲ್. ವೇಣು ಅವರೂ ಮದಕರಿನಾಯಕನ ಬಗ್ಗೆ ಕಾದಂಬರಿ ಬರೆದಿದ್ದಾರೆ, 2018ರ ಸುಮಾರಿಗೆ ಅದನ್ನು ಆಧರಿಸಿದ ಚಿತ್ರದ ಘೋಷಣೆಯೂ ಆಯಿತು. ಆಗ ಎದ್ದ ಗದ್ದಲ ನೆನಪಿರಬಹುದು: ಮದಕರಿ ಆಗಬೇಕಾದವರು ದರ್ಶನ್ನೋ ಸುದೀಪೋ ಎಂದು ಎರಡು ಕಡೆಯ ಅಭಿಮಾನಿಗಳು ಕಾದಾಡಿದರು. ಆ ಚಿತ್ರ ಈವರೆಗೆ ತೆರೆಕಂಡಿಲ್ಲ. ಪುಸ್ತಕದ ಗತಿ ಏನು ಎಂಬ ಮಾತು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಮದಕರಿಯ ಕಥೆ ಗೆಲುವಿನದಲ್ಲ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ, ಮರಳಲಿಲ್ಲ. ದೊಡ್ಡ ನಟನನ್ನು ಹಾಕಿಕೊಂಡ ನಿರ್ಮಾಪಕನಿಗೆ ಕೊನೆಯ ಅರ್ಧಗಂಟೆಯಲ್ಲಿ ಕತ್ತಿ ಝಳಪಿಸಿ ಚಪ್ಪಾಳೆ ಗಿಟ್ಟಿಸುವ ಆಸೆ ಬರದೆ ಇರದು. ಬಂದರೆ ಒಳಗಿನ ಒಡಕು, ಮುತ್ತಿಗೆಯ ದಣಿವು, ಕೈಬಿಟ್ಟ ನೆರೆಯವರು ಎಲ್ಲವನ್ನೂ ಅಳಿಸಬೇಕಾಗುತ್ತದೆ, ಆಮೇಲೆ ಕೋಟೆ ಬಿದ್ದದ್ದು ಹೇಗೆ ಎಂಬುದಕ್ಕೆ ಚಿತ್ರದಲ್ಲಿ ಉತ್ತರವೇ ಇರುವುದಿಲ್ಲ. ಅವತ್ತು ಕಾದಾಡಿದ ಎರಡು ಬಣಗಳಲ್ಲಿ ಯಾವುದೂ ತಮ್ಮ ನಟ ಸೋತು ಸೆರೆಯಲ್ಲಿ ಸಾಯುವುದನ್ನು ನೋಡಲು ತಯಾರಿದ್ದೇವೆ ಎಂದು ಹೇಳಲಿಲ್ಲ.