ಫ್ಯಾಂಟಸಿ ಬೇಸ್‌ಬಾಲ್: ಕಳೆದ ವರ್ಷದ ಅಂಕಿ ಕೊಳ್ಳಬೇಡಿ, ಆಟಗಾರನ ಸಾಮರ್ಥ್ಯ ಕೊಳ್ಳಿ

ಮಾರ್ಚ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ, ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್‌ಗಳ ಗಡಿಬಿಡಿ ಶುರು. ಇಲ್ಲಿ ನೆಲೆಸಿರುವ ನಮ್ಮ ಕನ್ನಡಿಗರೂ ಆಫೀಸಿನವರ ಒತ್ತಾಯಕ್ಕೆ ಒಂದು ತಂಡ ಕಟ್ಟುತ್ತಾರೆ. ಐಪಿಎಲ್ ಫ್ಯಾಂಟಸಿ ಆಡಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ ಕಟ್ಟಬಹುದು. ಇಲ್ಲಿ ಮೂರ್ನಾಲ್ಕು ಗಂಟೆಯ ಡ್ರಾಫ್ಟ್‌ನಲ್ಲಿ ಆರಿಸಿದವರ ಜೊತೆ 162 ಪಂದ್ಯಗಳ, ಆರು ತಿಂಗಳ ಸೀಸನ್ ಏಗಬೇಕು.

ಸಾಮಾನ್ಯವಾಗಿ 12 ತಂಡ, ತಂಡಕ್ಕೆ 23 ಆಟಗಾರರು. ಒಟ್ಟು 276 ಮಂದಿ ಬಿಕರಿಯಾಗುತ್ತಾರೆ. ಒಬ್ಬ ಆಟಗಾರ ಒಂದೇ ತಂಡಕ್ಕೆ. ನೀವು ತಗೊಂಡರೆ ಬೇರೆಯವರಿಗಿಲ್ಲ. ಡ್ರಾಫ್ಟ್‌ನಲ್ಲೇ ಎಡವಿದ ತಂಡ ಜೂನ್ ಹೊತ್ತಿಗೆ ತಳ ಸೇರುತ್ತೆ. ಅದರ ಮಾಲೀಕ ಆಮೇಲೆ ಆ್ಯಪ್ ತೆರೆಯೋದೇ ಇಲ್ಲ. ಅಂಥ ಎರಡು-ಮೂರು ತಂಡ ಆದರೆ ಇಡೀ ಲೀಗ್ ಕೆಟ್ಟಂತೆ. ಹಾಗಾಗಿ ನಾನು ಡ್ರಾಫ್ಟ್‌ಗೆ ಮುಂಚೆ ಎರಡೇ ಪ್ರಶ್ನೆ ಕೇಳಿಕೊಳ್ತೀನಿ. ಇವನ ಕೈಯಲ್ಲಿ ನಿಜವಾಗಿ ಏನಿದೆ? ಇವನು ಕೈಕೊಟ್ಟರೆ ನನಗೆಷ್ಟು ನಷ್ಟ?

ಅಂಕಿ ಬೇರೆ, ಸಾಮರ್ಥ್ಯ ಬೇರೆ

ಹೆಚ್ಚಿನ ಲೀಗ್‌ಗಳಲ್ಲಿ ಲೆಕ್ಕಕ್ಕೆ ಬರೋದು ಹತ್ತು ಅಂಕಿಗಳು. ಬ್ಯಾಟರ್‌ಗಳಿಗೆ ರನ್, ಹೋಮ್ ರನ್, ಆರ್‌ಬಿಐ, ಕದ್ದ ಬೇಸ್, ಸರಾಸರಿ. ಪಿಚರ್‌ಗಳಿಗೆ ಗೆಲುವು, ಸೇವ್, ಸ್ಟ್ರೈಕ್‌ಔಟ್, ಇಆರ್‌ಎ, ವಿಪ್. ಇವುಗಳಲ್ಲಿ ಕೆಲವು ಆಟಗಾರನ ಕೈಯಲ್ಲಿವೆ, ಕೆಲವು ಇಲ್ಲ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಅವನು ಎಷ್ಟೇ ಚೆನ್ನಾಗಿ ಎಸೆದರೂ ತನ್ನ ತಂಡ ರನ್ ಗಳಿಸದಿದ್ದರೆ ‘ಗೆಲುವು’ ಅವನ ಖಾತೆಗೆ ಬರಲ್ಲ.

2001ರಲ್ಲಿ ವೋರೋಸ್ ಮೆಕ್ರಾಕನ್ ಎಂಬ ವಿಶ್ಲೇಷಕ ಒಂದು ವಾದ ಮುಂದಿಟ್ಟರು. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತೋ, ಕ್ಯಾಚ್ ಆಗುತ್ತೋ ಅನ್ನೋದರ ಮೇಲೆ ಪಿಚರ್‌ಗೆ ಹಿಡಿತ ಬಹಳ ಕಡಿಮೆ. ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಮೇಲೆ ಮಾತ್ರ ಅವನ ಹಿಡಿತ ಗಟ್ಟಿ ಎಂಬುದು ಅದರ ಸಾರ. ಅಂಥ ಚೆಂಡುಗಳಲ್ಲಿ ಸುಮಾರು ಶೇ. 30ರಷ್ಟು ಹಿಟ್ ಆಗೋದು ಲೀಗ್‌ನ ಸರಾಸರಿ. ಒಬ್ಬ ಪಿಚರ್‌ನ ವಿಚಾರದಲ್ಲಿ ಅದು ಒಂದು ವರ್ಷ ಶೇ. 24ಕ್ಕೆ ಇಳಿದಿದ್ದರೆ ಅವನ ಇಆರ್‌ಎ ಸುಂದರವಾಗಿ ಕಾಣುತ್ತೆ. ಆದರೆ ಬಹುಪಾಲು ಅದು ಅದೃಷ್ಟ, ಮುಂದಿನ ವರ್ಷ ಸಿಗೋ ಖಾತರಿಯಿಲ್ಲ.

ಆದ್ದರಿಂದ ನಾನು ಪಿಚರ್‌ನಲ್ಲಿ ಮೊದಲು ನೋಡೋದು ಎಷ್ಟು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡ್ತಾನೆ, ಎಷ್ಟು ಮಂದಿಗೆ ವಾಕ್ ಕೊಡ್ತಾನೆ ಅಂತ. ಬ್ಯಾಟರ್‌ನಲ್ಲಿ ನೋಡೋದು ಚೆಂಡನ್ನು ಎಷ್ಟು ಸಲ ಗಂಟೆಗೆ 95 ಮೈಲಿಗಿಂತ ಜೋರಾಗಿ ಹೊಡೀತಾನೆ, ಎಷ್ಟು ಸಲ ಬ್ಯಾಟ್ ಬೀಸಿ ತಪ್ಪಿಸಿಕೊಳ್ತಾನೆ ಅನ್ನೋದು. 2015ರಿಂದ ಎಲ್ಲ ಮೇಜರ್ ಲೀಗ್ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಇದನ್ನು ಅಳೆಯುತ್ತಿದೆ, ಮಾಹಿತಿ ಉಚಿತವಾಗಿಯೇ ಸಿಗುತ್ತೆ. ಮೈದಾನ, ನಿಯಮಗಳನ್ನೂ ಮರೆಯೋ ಹಾಗಿಲ್ಲ. ಡೆನ್ವರ್‌ನ ಎತ್ತರದ ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತೆ. 2023ರಲ್ಲಿ ಬೇಸ್‌ಗಳನ್ನು ದೊಡ್ಡದು ಮಾಡಿ, ಪಿಚರ್‌ಗಳು ಬೇಸ್ ಕಡೆ ಚೆಂಡೆಸೆದು ಓಟಗಾರನನ್ನು ಹೆದರಿಸೋದಕ್ಕೆ ಮಿತಿ ಹಾಕಿದರು. ಕದ್ದ ಬೇಸ್‌ಗಳು ಒಂದೇ ವರ್ಷದಲ್ಲಿ 2,486ರಿಂದ 3,503ಕ್ಕೆ ಏರಿದವು. ಅಂದರೆ 30 ಬೇಸ್ ಕದಿಯೋ ಆಟಗಾರನ ಬೆಲೆ ಮೊದಲಿನಷ್ಟಿಲ್ಲ.

ಸಾಮರ್ಥ್ಯ ಸರಿಯಿದ್ದೂ ಸೋಲಬಹುದು

ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್ 2023ರಲ್ಲಿ 281 ಸ್ಟ್ರೈಕ್‌ಔಟ್ ಮಾಡಿದ್ದ. ಇಆರ್‌ಎ 3.86 ಮಾತ್ರ. ಆದರೂ ಮುಂದಿನ ವರ್ಷದ ಬಹಳಷ್ಟು ಡ್ರಾಫ್ಟ್‌ಗಳಲ್ಲಿ ಮೊದಲು ಹೋದ ಪಿಚರ್ ಆತನೇ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ 2024ರಲ್ಲಿ ಎರಡೇ ಪಂದ್ಯಕ್ಕೆ ಮೊಣಕೈ ಕೈಕೊಟ್ಟಿತು, ಶಸ್ತ್ರಚಿಕಿತ್ಸೆಯಾಯ್ತು. ಅದೇ ತಂಡದ ರೊನಾಲ್ಡ್ ಅಕೂನ್ಯಾ 2023ರಲ್ಲಿ 41 ಹೋಮ್ ರನ್, 73 ಕದ್ದ ಬೇಸ್‌ಗಳ ಅದ್ಭುತ ಆಟವಾಡಿ ಡ್ರಾಫ್ಟ್‌ಗಳಲ್ಲಿ ಮೊದಲನೆಯವನಾಗಿ ಹೋದ. 2024ರ ಮೇನಲ್ಲಿ, 49 ಪಂದ್ಯಕ್ಕೇ ಮೊಣಕಾಲಿನ ಲಿಗಮೆಂಟ್ ಹರಿಯಿತು.

ಹಾಗಾದರೆ ಎಲ್ಲಾ ದೈವೇಚ್ಛೆ ಅಂತ ಸುಮ್ಮನಿರೋದಾ? ಅಲ್ಲ. ರಿಸ್ಕ್‌ನಲ್ಲಿ ಬಗೆಗಳಿವೆ, ಬೇರೆ ಬೇರೆಯಾಗಿ ತೂಗಬೇಕು. ಒಂದು, ಗಾಯ. ಇದರಲ್ಲಿ ಪಿಚರ್‌ಗಳು ಬ್ಯಾಟರ್‌ಗಳಿಗಿಂತ ಅಪಾಯಕಾರಿ ಸರಕು. ಎರಡು, ಸ್ಥಾನ. ಪಂದ್ಯ ಮುಗಿಸೋ ಕ್ಲೋಸರ್ ಎರಡು ವಾರ ಕೆಟ್ಟದಾಗಿ ಎಸೆದರೆ ಆ ಕೆಲಸ ಬೇರೆಯವನಿಗೆ ಹೋಗುತ್ತೆ, ನಿಮ್ಮ ಸೇವ್‌ಗಳೂ ಹೋದವು. ಮೂರು, ಅನುಭವದ ಕೊರತೆ. ಎರಡು ತಿಂಗಳು ಮಿಂಚಿದ ಹೊಸ ಹುಡುಗನನ್ನು ಎದುರಾಳಿಗಳು ಇನ್ನೂ ಓದಿರಲ್ಲ.

ಮೊದಲು ಜೋಪಾನ, ಆಮೇಲೆ ಧೈರ್ಯ

ಒಂದೇ ರಿಸ್ಕ್‌ಗೆ ಎಲ್ಲಾ ಸುತ್ತಲ್ಲೂ ಒಂದೇ ಬೆಲೆ ಇಲ್ಲ, ಹೊಸಬರು ಮರೆಯೋದು ಇದನ್ನೇ. ಮೊದಲ ಸುತ್ತಿನ ಆಟಗಾರ ಹೋದರೆ ಅವನ ಜಾಗಕ್ಕೆ ಸಿಗೋದು ಯಾರೂ ಕೊಳ್ಳದೆ ಬಿಟ್ಟ 277ನೆಯವನು. ಇಬ್ಬರ ನಡುವಿನ ಅಂತರ ಭಾರೀ. ಇಪ್ಪತ್ತನೇ ಸುತ್ತಿನವನು ಹೋದರೂ ಬದಲಿಗೆ ಬರೋದು ಅಂಥವನೇ, ಅಲ್ಲಿ ಅಂತರ ಇಲ್ಲವೇ ಇಲ್ಲ ಎನ್ನಬಹುದು. ಹೀಗಾಗಿ ಕೊನೆಯ ಸುತ್ತುಗಳಲ್ಲಿ ನಷ್ಟಕ್ಕೆ ಮಿತಿ ಇದೆ, ಲಾಭಕ್ಕಿಲ್ಲ.

ಜೇಕಬ್ ಡಿಗ್ರಾಮ್ ಉದಾಹರಣೆ ನೋಡಿ. 2018, 2019ರಲ್ಲಿ ಸೈ ಯಂಗ್ ಪ್ರಶಸ್ತಿ ಗೆದ್ದವನು. 2022ರಿಂದ 2024ರವರೆಗೆ ಮೂರು ವರ್ಷಕ್ಕೆ ಆಡಿದ್ದು ಬರೀ 20 ಪಂದ್ಯ. ಆದರೆ 2023ರಲ್ಲಿ ಆಡಿದ ಆರು ಪಂದ್ಯಗಳಲ್ಲಿ 45 ಸ್ಟ್ರೈಕ್‌ಔಟ್, ಕೊಟ್ಟಿದ್ದು ನಾಲ್ಕೇ ವಾಕ್. ಕೌಶಲ ಎಲ್ಲೂ ಹೋಗಿರಲಿಲ್ಲ, ಕೈ ಮಾತ್ರ ಸಾಥ್ ಕೊಡ್ತಿರಲಿಲ್ಲ. 2025ರಲ್ಲಿ 37ನೇ ವಯಸ್ಸಿಗೆ 30 ಪಂದ್ಯ ಆಡಿ 2.97 ಇಆರ್‌ಎ ತಂದ. ಇಂಥವನನ್ನು ಎರಡನೇ ಸುತ್ತಿನಲ್ಲಿ ತಗೊಳ್ಳೋದು ಜೂಜು. ಬೆಲೆ ಇಳಿದಾಗ ತಗೊಳ್ಳೋದು ವ್ಯವಹಾರ.

ನನ್ನ ಪದ್ಧತಿ ಇಷ್ಟೇ. ಮೊದಲ ನಾಲ್ಕೈದು ಸುತ್ತಿನಲ್ಲಿ ಹಲವು ವರ್ಷ ನಿಯಮಿತವಾಗಿ ಆಡಿದ ಬ್ಯಾಟರ್‌ಗಳು, ಮಧ್ಯದಲ್ಲಿ ಇಆರ್‌ಎ ಕೆಟ್ಟದಾಗಿದ್ದರೂ ಸ್ಟ್ರೈಕ್‌ಔಟ್ ಚೆನ್ನಾಗಿರುವ ಪಿಚರ್‌ಗಳು, ಕೊನೆಯಲ್ಲಿ ಗಾಯದಿಂದ ಮರಳುತ್ತಿರುವವರು ಮತ್ತು ಹೊಸ ಹುಡುಗರು. ಹೆಸರಿನ ಮುಂದೆ ರಿಸ್ಕ್ ಇದೆ ಅಂತ ಯಾರನ್ನೂ ಪಟ್ಟಿಯಿಂದ ಹೊಡೆದುಹಾಕಬೇಡಿ. ಯಾವ ಸುತ್ತಿನಲ್ಲಿ ಸಿಕ್ಕರೆ ತಗೊಳ್ತೀರಿ ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಡ್ರಾಫ್ಟ್ ದಿನ ಗಡಿಯಾರ ಓಡುವಾಗ ಯೋಚಿಸೋಕೆ ಪುರುಸೊತ್ತು ಇರಲ್ಲ.