ತಿಂಡಿಯ ತಟ್ಟೆ ಮತ್ತು ಕಲ್ಲುಬೆಂಚು

ಊಟವು ಮನೆಗೆ ಸೇರಿದ್ದು, ತಿಂಡಿಯು ಬೀದಿಗೂ ಸೇರಿದ್ದು. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಭಾನುವಾರ ಬೆಳಗಾದರೆ ಈ ಮಾತಿನ ಅರ್ಥವು ತಾನಾಗಿಯೇ ತಿಳಿಯುತ್ತದೆ. "ಇವತ್ತು ಒಲೆ ಹಚ್ಚುವುದು ಬೇಡ, ಹೊರಗೆ ಹೋಗಿ ಬರೋಣ" ಎಂದು ಮನೆಯಲ್ಲಿ ಒಬ್ಬರು ಹೇಳಿದರೆ ಸಾಕು, ಮಕ್ಕಳು ಹಾಸಿಗೆಯಿಂದ ಹಾರಿ ಏಳುತ್ತಾರೆ. ಬೇರೆ ಊರುಗಳಲ್ಲಿ ಹೊರಗೆ ಹೋಗುವುದೆಂದರೆ ನೆಂಟರ ಮನೆಗೋ, ಜಾತ್ರೆಗೋ, ಯಾತ್ರೆಗೋ ಹೋಗುವುದೆಂದು ಅರ್ಥ. ಇಲ್ಲಿ ಅದರ ಅರ್ಥವೇ ಬೇರೆ. ಒಂದು ಉದ್ಯಾನದಲ್ಲಿ ಎರಡು ಸುತ್ತು, ಒಂದು ದೇವಸ್ಥಾನದಲ್ಲಿ ಒಂದು ನಮಸ್ಕಾರ, ಒಂದು ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ, ಕೊನೆಗೆ ಒಂದು ಲೋಟ ಕಾಫಿ. ಮನೆಮಂದಿಯ ಸಂಚಾರ ಇಷ್ಟಕ್ಕೇ ಮುಗಿಯುತ್ತದೆ; ಸಂತೋಷ ಮಾತ್ರ ಮುಂದಿನ ಭಾನುವಾರದವರೆಗೆ ಉಳಿಯುತ್ತದೆ.

ಈ ಪದ್ಧತಿಯು ಎಂದಿನಿಂದಲೂ ಇದ್ದದ್ದೆಂದು ನಮ್ಮಲ್ಲಿ ಅನೇಕರು ತಿಳಿದಿರುವುದುಂಟು. ನಿಜವಾಗಿ ನೋಡಿದರೆ ಇದು ಬಹಳ ಹಳೆಯದಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಹೋಟೆಲಿನ ತಿಂಡಿಯೆಂದರೆ ಮರ್ಯಾದಸ್ಥರ ಮನೆಗಳಲ್ಲಿ ಮೂಗು ಮುರಿಯುತ್ತಿದ್ದರು. ಹೊರಗೆ ತಿಂದು ಬಂದ ಗಂಡಸರು ಅದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲ. ಹೆಂಗಸರಿಗೆ ಆ ಪ್ರಸಂಗವೇ ಇರಲಿಲ್ಲ. ಅಂದಿನ ಕಾಫಿ ಕ್ಲಬ್ಬುಗಳಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾರು ಒಳಗೇ ಬರಬಾರದು ಎಂಬ ಕಟ್ಟಳೆಗಳಿದ್ದವು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಭೋಜನಾಲಯಗಳ ಹೆಸರನ್ನು ಎತ್ತಿ ಹೇಳಿ, ಜಾತಿ ಮತ ಲಿಂಗಗಳ ಕಾರಣದಿಂದ ಯಾರನ್ನೂ ಅಲ್ಲಿಂದ ದೂರವಿಡಕೂಡದೆಂದು ವಿಧಿಸಿತು. ದೇಶದ ಮೂಲ ಶಾಸನದಲ್ಲಿ ಹೋಟೆಲಿಗೆ ಏನು ಕೆಲಸ ಎಂದು ಕೇಳುವವರು, ಒಂದೇ ಮೇಜಿನಲ್ಲಿ ಕುಳಿತು ತಿನ್ನುವುದು ಎಷ್ಟು ದೊಡ್ಡ ಸಂಗತಿಯೆಂಬುದನ್ನು ಮರೆತವರೇ ಸರಿ. ಆದಕಾರಣ ತಿಂಡಿಯ ಕಥೆಯು ಬರಿಯ ನಾಲಗೆಯ ಕಥೆಯಲ್ಲ. ಯಾರಿಗೆ ಜಾಗವುಂಟು, ಯಾರಿಗಿಲ್ಲ ಎಂಬುದರ ಕಥೆಯೂ ಹೌದು.

ಈ ಕಥೆಯು ಲಾಲ್‌ಬಾಗಿನ ಸುತ್ತಮುತ್ತಲೇ ಆರಂಭವಾಗುವುದು ಆಕಸ್ಮಿಕವಲ್ಲ. 1760ರಲ್ಲಿ ಹೈದರಾಲಿಯು ತೊಡಗಿಸಿದ ಈ ತೋಟವು ಈಗ ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. ಇದೆಲ್ಲಕ್ಕಿಂತ ಹಿರಿದಾದುದು ಅಲ್ಲಿಯ ಬಂಡೆ. ಭೂವಿಜ್ಞಾನಿಗಳು ಅದಕ್ಕೆ ಸುಮಾರು 300 ಕೋಟಿ ವರ್ಷಗಳ ವಯಸ್ಸನ್ನು ಹೇಳುತ್ತಾರೆ. ಗಣರಾಜ್ಯ ದಿನ ಮತ್ತು ಸ್ವಾತಂತ್ರ್ಯ ದಿನಗಳ ಫಲಪುಷ್ಪ ಪ್ರದರ್ಶನಕ್ಕೆ ಬರುವ ಸಂಸಾರಗಳು ಈ ಬಂಡೆಯನ್ನು ಹತ್ತದೆ ಹಿಂದಿರುಗುವುದಿಲ್ಲ. ಮಕ್ಕಳು ಓಡುತ್ತಾರೆ, ಹಿರಿಯರು ಕಲ್ಲಿನ ಮೇಲೆಯೇ ಕುಳಿತು ಉಸಿರು ತಿರುಗಿಸಿಕೊಳ್ಳುತ್ತಾರೆ. ಬೆಂಗಳೂರಿನ ಅತ್ಯಂತ ಹಳೆಯ ಬೆಂಚು ಇದೇ ಎಂದರೆ ತಪ್ಪಾಗಲಾರದು.

ಈ ತೋಟದ ಮಗ್ಗುಲಿನಲ್ಲಿಯೇ ಮಾವಳ್ಳಿ. ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ಬು 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರನ್ನು ಪಡೆಯಿತು. ಜಾತಿಯ ಹೆಸರು ಹೋಗಿ ಊರಿನ ಹೆಸರು ಬಂದದ್ದನ್ನು ಓದುಗರು ಗಮನಿಸಬೇಕು. ಈ ಮನೆತನದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಚೊಕ್ಕಟತನವನ್ನು ಕಂಡು ಬಂದು, ಅದನ್ನು ಇಲ್ಲಿಯ ಅಡಿಗೆಮನೆಗೂ ತಂದರು. ಚೊಕ್ಕಟತನ ಕಣ್ಣಿಗೆ ಕಂಡರೆ ಮನೆಯ ಹೆಂಗಸರ ಸಂಶಯವು ಅರ್ಧ ಕಳೆದಂತೆಯೇ.

ರವೆ ಇಡ್ಲಿಯ ಹುಟ್ಟೂ ಇಲ್ಲಿಯದೇ ಎಂದು ಆ ಸಂಸ್ಥೆಯವರು ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನೀಯರು ಬರ್ಮಾ ದೇಶವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಗೋಧಿಯ ರವೆಯನ್ನು ಹುರಿದು, ಮೊಸರಿನಲ್ಲಿ ಕಲಸಿ, ಸಾಸಿವೆ ಗೋಡಂಬಿಗಳ ಒಗ್ಗರಣೆ ಕೊಟ್ಟು, ಚಿಟಿಕೆ ಸೋಡ ಹಾಕಿ ಹಬೆಯಲ್ಲಿ ಬೇಯಿಸಿದರು. ರಾತ್ರಿಯೆಲ್ಲ ಹಿಟ್ಟು ಹುದುಗಬೇಕಾದ ಅಗತ್ಯವೂ ಇಲ್ಲವಾಯಿತು. ಕೊರತೆಯ ಕಾಲದಲ್ಲಿ ಹುಟ್ಟಿದ ತಿಂಡಿಯು ಸಮೃದ್ಧಿಯ ಕಾಲದಲ್ಲಿಯೂ ಉಳಿದುಕೊಂಡಿತು.

ಮಾವಳ್ಳಿಯಿಂದ ಗಾಂಧಿಬಜಾರಿಗೆ ಕಾಲುನಡಿಗೆಯ ದಾರಿ. ಅಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವಿದೆ. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರಿಗಾಗಿ ತೆರೆದುದರಿಂದ ಆ ಹೆಸರು. ಆದುದರಿಂದ ನಮಗೆ ಅದರ ಮೇಲೆ ಒಂದು ಬಗೆಯ ಹಕ್ಕೂ ಉಂಟೆಂದು ವಿದ್ಯಾರ್ಥಿ ಮಿತ್ರರು ಭಾವಿಸಿದರೆ ಆಕ್ಷೇಪಣೆಯಿಲ್ಲ. ಮೇಲೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಕೈಗೆ ಬೆಣ್ಣೆ ಅಂಟುವ ಮಸಾಲೆದೋಸೆ, ನೀರಾದ ಚಟ್ನಿ, ಹತ್ತಾರು ತಟ್ಟೆಗಳನ್ನು ಒಂದರ ಮೇಲೊಂದು ತೋಳಿನುದ್ದಕ್ಕೂ ಏರಿಸಿಕೊಂಡು ಬರುವ ಮಾಣಿ. ಹೊಸಬರಿಗೆ ಇದೊಂದು ಸರ್ಕಸ್ಸಿನಂತೆ ತೋರುತ್ತದೆ. ಈ ದೋಸೆಯೊಳಗಿನ ಆಲೂಗೆಡ್ಡೆಯೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಹಡಗೇರಿ ಬಂದವು. ನಮ್ಮದೆಂದು ನಾವು ಹೆಮ್ಮೆಪಡುವ ತಟ್ಟೆಯಲ್ಲಿ ಪರದೇಶದ ಅತಿಥಿಗಳು ಎಷ್ಟು ಮಂದಿ!

ಇನ್ನು ಜಯನಗರಕ್ಕೆ ಬರೋಣ. 1948ರಲ್ಲಿ ರಾಜಾಜಿಯವರು ಗವರ್ನರ್ ಜನರಲ್ ಆಗಿದ್ದಾಗ ಈ ಬಡಾವಣೆಗೆ ಬುನಾದಿ ಬಿದ್ದಿತು. ಅಶೋಕಸ್ತಂಭವು ಅದಕ್ಕೆ ಸಾಕ್ಷಿ. ಅಗಲವಾದ ರಸ್ತೆ, ಸಾಲುಮರ, ಬ್ಲಾಕಿನಿಂದ ಬ್ಲಾಕಿಗೆ ಉದ್ಯಾನ, ನಡುವೆ ಅಂಗಡಿಬೀದಿ, ಹೀಗೆ ಮುಂದಾಗಿಯೇ ನಕ್ಷೆ ಹಾಕಿ ಕಟ್ಟಿದ ಊರಿದು. ಇಂಥ ಊರಿನಲ್ಲಿ 1983ರಲ್ಲಿ ಆರ್. ಪ್ರಭಾಕರ್ ಎಂಬವರು ಕೆಫೆ ದರ್ಶಿನಿಯನ್ನು ತೆರೆದರು. ಮುಂದೆ 'ದರ್ಶಿನಿ' ಎಂಬುದು ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಜಾತಿಯ ಹೋಟೆಲುಗಳಿಗೆಲ್ಲ ಹೆಸರಾಯಿತು.

ದರ್ಶಿನಿಯ ಲೆಕ್ಕಾಚಾರ ಬಹು ಸರಳವಾದುದು. ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು. ಚೀಟಿಯನ್ನು ಕಟ್ಟೆಯ ಮೇಲಿಟ್ಟರೆ ತಿಂಡಿ ಬರುತ್ತದೆ. ತಾನೇ ತೆಗೆದುಕೊಂಡು, ಎದೆಮಟ್ಟದ ದುಂಡುಮೇಜಿನ ಬಳಿ ನಿಂತು ತಿಂದು, ತಟ್ಟೆಯನ್ನು ತೊಟ್ಟಿಗೆ ಹಾಕಿ ನಡೆಯಬೇಕು. ಕುರ್ಚಿಯಿಲ್ಲದಿರುವುದರಿಂದ ಸಣ್ಣ ಜಾಗ ಸಾಕು; ಬಡಿಸುವವರು ಬೇಕಾಗಿಲ್ಲ; ನಿಂತವರು ಹರಟುತ್ತ ಕಾಲ ಕಳೆಯುವುದಿಲ್ಲ. ಬಾಡಿಗೆ, ಸಂಬಳ, ವೇಳೆ ಮೂರರಲ್ಲಿಯೂ ಉಳಿತಾಯ. ಅದೇ ಕಾರಣದಿಂದ ಬೆಲೆಯೂ ಕಡಮೆ. ಅಡಿಗೆಮನೆ ಎದುರಿಗೇ ಕಾಣುತ್ತದೆ; 'ದರ್ಶಿನಿ' ಎಂಬ ಮಾತಿಗೆ ಇದು ಚೆನ್ನಾಗಿ ಒಪ್ಪುತ್ತದೆ.

ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ದುಂಡುಮೇಜಿನ ಸುತ್ತ ಆಟೋ ಓಡಿಸುವವರೂ ಬ್ಯಾಂಕಿನ ಅಧಿಕಾರಿಯೂ ಗಾರೆ ಕೆಲಸದವರೂ ಕಾಲೇಜಿನ ಹುಡುಗಿಯೂ ಒಟ್ಟಿಗೆ ನಿಲ್ಲುತ್ತಾರೆ. ಪಕ್ಕದವರು ಯಾರೆಂದು ಕೇಳುವವರಿಲ್ಲ. ಸಂವಿಧಾನವು ಮಾತಿನಲ್ಲಿ ಹೇಳಿದ್ದನ್ನು ಒಂದು ಖಾರಾಬಾತು ಕೇಸರಿಬಾತಿನ ತಟ್ಟೆಯು ಸದ್ದಿಲ್ಲದೆ ನಡೆಸಿಕೊಟ್ಟಿತು.

ಆದರೆ ಈ ಏರ್ಪಾಟಿನಲ್ಲಿ ಒಂದು ಕೊರತೆಯೂ ಉಂಟು. ಅದು ನನಗೆ ತಿಳಿದದ್ದು ನನ್ನ ಅಜ್ಜಿಯಿಂದ. ಅವರಿಗೆ ಎಂಬತ್ತು ದಾಟಿದೆ, ಮಂಡಿನೋವು. ಮದುವೆಯಾಗಿ ಬಂದ ಹೊಸತರಲ್ಲಿ ಹೋಟೆಲಿನ ಬಾಗಿಲನ್ನೇ ಕಾಣದವರು. ಅನಂತರದ ವರ್ಷಗಳಲ್ಲಿ 'ಫ್ಯಾಮಿಲಿ ರೂಮಿ'ನ ಪರದೆಯ ಹಿಂದೆ ಕುಳಿತು ದೋಸೆ ತಿಂದವರು. ಕಳೆದ ವರ್ಷ ಒಂದು ಭಾನುವಾರ ಅವರನ್ನು ನಮ್ಮ ಬಡಾವಣೆಯ ಒಂದು ದರ್ಶಿನಿಗೆ ಕರೆದೊಯ್ದೆವು. ಪರದೆಯೂ ಇಲ್ಲ, ಕೇಳುವವರೂ ಇಲ್ಲ. ಆದರೆ ಕೂರಲು ಜಾಗವೂ ಇಲ್ಲ. ಅಜ್ಜಿ ಮೇಜಿನ ಅಂಚನ್ನು ಹಿಡಿದು ಎರಡು ನಿಮಿಷ ನಿಂತರು. ತಂಗಿಯ ಮಗುವಿನ ಗದ್ದವು ಮೇಜಿನ ಮಟ್ಟಕ್ಕೇ ಬರಲಿಲ್ಲ. ಆಗ ತಟ್ಟೆ ತೆಗೆಯುವ ಹುಡುಗನೊಬ್ಬ ಒಳಗಿನಿಂದ ಹಾಲಿನ ಕ್ರೇಟೊಂದನ್ನು ತಂದು ಬೋರಲು ಹಾಕಿ, "ಕೂತ್ಕೊಳ್ಳಿ ಅಜ್ಜಿ" ಎಂದ. ಅಜ್ಜಿ ಕುಳಿತು ಇಡ್ಲಿ ತಿಂದು, "ನೂರು ವರ್ಷ ಬಾಳಪ್ಪ" ಎಂದು ಅವನನ್ನು ಹರಸಿದರು. ಮನೆಗೆ ಬಂದ ಮೇಲೆ ಮಾತ್ರ, "ಇನ್ನು ನೀವೇ ಹೋಗಿಬನ್ನಿ, ನನಗೆ ಕಟ್ಟಿಸಿಕೊಂಡು ಬಂದರೆ ಸಾಕು" ಎಂದರು. ಒಂದು ಕಾಲಕ್ಕೆ ಆಚಾರವು ಅವರನ್ನು ಮನೆಯೊಳಗೆ ನಿಲ್ಲಿಸಿತ್ತು. ಈಗ ಒಂದು ಕುರ್ಚಿಯ ಕೊರತೆಯು ಅದೇ ಕೆಲಸವನ್ನು ಮಾಡಿತು.

ಜಯನಗರದಂತಹ ಬಡಾವಣೆಗಳಲ್ಲಿ ಈ ಕೊರತೆಗೆ ಜನರು ತಾವೇ ಒಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ತಿಂಡಿಯನ್ನು ಕಟ್ಟಿಸಿಕೊಂಡು ಹತ್ತಿರದ ಉದ್ಯಾನದ ಕಲ್ಲುಬೆಂಚಿಗೋ ಮರದ ಕಟ್ಟೆಗೋ ಹೋಗುವುದು. ತಟ್ಟೆ ಹೋಟೆಲಿನದು, ಬೆಂಚು ಊರಿನದು. ಎರಡೂ ಕೂಡಿದರೆ ಮನೆಮಂದಿಯ ಸಂಚಾರ. ಕಡಮೆ ಬೆಲೆಯ ದರ್ಶಿನಿಯು ಸಂಸಾರಗಳಿಗೆ ಒಗ್ಗಿದುದಕ್ಕೆ ನಕ್ಷೆಯಲ್ಲಿ ಮೊದಲೇ ಬರೆದಿದ್ದ ಉದ್ಯಾನಗಳೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ವರ್ಷದ ಕೆಲವು ದಿನಗಳಲ್ಲಿ ಬೀದಿಯೇ ಬೆಂಚಾಗುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಬಲ್ಲವರೇ ಬಲ್ಲರು. ಸುಂಕೇನಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ಕಡಲೆಕಾಯಿ ಹೊಲಕ್ಕೆ ಹುಣ್ಣಿಮೆಯ ರಾತ್ರಿ ಬಸವನೊಂದು ನುಗ್ಗುತ್ತಿತ್ತೆಂದೂ, ರೈತರು ಬೆನ್ನಟ್ಟಿದಾಗ ಅದು ಕಲ್ಲಾಯಿತೆಂದೂ, ಅಂದಿನಿಂದ ಮೊದಲ ಫಸಲು ಬಸವಣ್ಣನಿಗೆ ಮೀಸಲೆಂದೂ ಕಥೆ. ಇಂದು ಆ ಹಳ್ಳಿಗಳು ಬರಿಯ ಹೆಸರುಗಳಾಗಿ ಉಳಿದಿವೆ. ಕಾಯಿ ದೂರದ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಬರುತ್ತದೆ. ಆದರೂ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆ ಹಸಿಕಾಯಿ, ಹುರಿದ ಕಾಯಿಗಳ ರಾಶಿಯ ನಡುವೆ ನಡೆಯುವ ನೋಟ ತಪ್ಪಿಲ್ಲ. ಚಳಿ ಬಿದ್ದ ಮೇಲೆ ಅವರೆಕಾಯಿಯ ಸರದಿ. ಮಾಗಡಿಯ ಸೊಗಡವರೆ ಬಂದಿತೆಂದರೆ ವಿಶ್ವೇಶ್ವರಪುರದ ತಿಂಡಿಬೀದಿಗೆ ಕಳೆ. ಅಲ್ಲಿ 2000ದಲ್ಲಿ ಆರಂಭವಾದ ಅವರೆಮೇಳದಲ್ಲಿ ಅವರೆಯ ದೋಸೆ, ಉಪ್ಪಿಟ್ಟು, ಹೋಳಿಗೆ, ಜಿಲೇಬಿಯವರೆಗೂ ತಯಾರಾಯಿತು. ನೆನೆಸಿದ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸುವ ಹಿತಕಿದ ಬೇಳೆಯ ಸಾರನ್ನು ಮಾತ್ರ ಮನೆಯಲ್ಲಿಯೇ ತಿನ್ನಬೇಕು. ಅದನ್ನು ಹಿತುಕಲು ನಾಲ್ಕು ಮಂದಿ ಸುತ್ತ ಕುಳಿತು ಹರಟುವುದೂ ಅದರ ರುಚಿಗೆ ಸೇರಿದ್ದೇ.

ದಕ್ಷಿಣ ಬೆಂಗಳೂರೆಂದರೆ ಇಡ್ಲಿ ದೋಸೆಗಳೇ ಎಂದು ಹೇಳಿ ಮುಗಿಸಿದರೆ ಅನ್ಯಾಯವಾದೀತು. ಮುದ್ದೆ, ಕೈಮ, ದೊನ್ನೆ ಬಿರಿಯಾನಿಗಳ ಮಿಲಿಟರಿ ಹೋಟೆಲುಗಳಿಗೆ ಭಾನುವಾರ ಬೆಳಗ್ಗೆಯೇ ಸಾಲು ನಿಲ್ಲುವ ಸಂಸಾರಗಳೂ ಇಲ್ಲಿಯವೇ. ಬನಶಂಕರಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚಿ ಬಂದವರು ಅಲ್ಲಿಯೇ ಹೂವು, ಸೌತೆಕಾಯಿ ಕೊಂಡು ಮನೆಗೆ ಹೋಗುತ್ತಾರೆ. ಜೆ.ಪಿ. ನಗರದಲ್ಲಿ 2004ರಲ್ಲಿ ಶಂಕರ್ ನಾಗ್ ಅವರ ನೆನಪಿಗಾಗಿ ತೆರೆದ ರಂಗಶಂಕರದಲ್ಲಿ ನಾಟಕಕ್ಕೆ ಮುಂಚೆ ಏನಾದರೂ ತಿನ್ನುವುದೂ ಸಂಜೆಯ ಒಂದು ಭಾಗ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯಲ್ಲಿ ಆಂಧ್ರ, ಕೇರಳ, ಬಂಗಾಳ, ಈಶಾನ್ಯ ನಾಡುಗಳಿಂದ ಬಂದ ತರುಣ ತರುಣಿಯರು ತಮ್ಮ ತಮ್ಮ ಊರಿನ ಊಟವನ್ನು ಹುಡುಕಿ ಹೊರಡುತ್ತಾರೆ. ಒಂದು ಕೊಠಡಿಯಲ್ಲಿ ಬಾಡಿಗೆಗಿರುವ ಮೂವರು ಒಂದು ಬಿರಿಯಾನಿಯನ್ನು ಹಂಚಿಕೊಂಡರೆ ಅವರೂ ಅಂದಿನ ಮಟ್ಟಿಗೆ ಒಂದು ಮನೆಮಂದಿಯೇ.

ನಮ್ಮಂತೆಯೇ ಜನನಿಬಿಡವಾದ ಸಿಂಗಪುರದಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರ ಕಂಡುಕೊಂಡರು. ಬೀದಿಯಲ್ಲಿ ಮಾರುತ್ತಿದ್ದವರಿಗೆ 1970 ಮತ್ತು 80ರ ದಶಕಗಳಲ್ಲಿ ಸರ್ಕಾರವೇ ಮಾಡು, ನೀರು, ಚರಂಡಿಗಳುಳ್ಳ ಕಟ್ಟಡಗಳನ್ನು ಕಟ್ಟಿಕೊಟ್ಟು, ನಡುವೆ ಎಲ್ಲರಿಗೂ ಸೇರಿದ ಮೇಜು ಪೀಠಗಳನ್ನು ಹಾಕಿಸಿತು. ಅಂದರೆ ತಟ್ಟೆಯನ್ನೂ ಬೆಂಚನ್ನೂ ಒಂದೇ ಸೂರಿನಡಿ ತಂದಿತು. 2020ರಲ್ಲಿ ಯುನೆಸ್ಕೊ ಸಂಸ್ಥೆಯು ಆ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿ ಗೌರವಿಸಿತು. ನಮ್ಮಲ್ಲಿ ಎರಡೂ ಬೇರೆ ಬೇರೆ ಇವೆ. ಅವುಗಳ ನಡುವೆ ಒಂದು ರಸ್ತೆ ಇದೆ. ನಮ್ಮ ಕಷ್ಟವೆಲ್ಲ ಆ ರಸ್ತೆಯಲ್ಲಿಯೇ.

2017ರಲ್ಲಿ ಮೆಟ್ರೋ ರೈಲು ಲಾಲ್‌ಬಾಗ್, ಜಯನಗರ, ಬನಶಂಕರಿಗಳನ್ನು ಒಂದು ದಾರಕ್ಕೆ ಪೋಣಿಸಿತು. ಐದಾರು ಮೈಲಿ ದೂರವು ಈಗ ದೂರವಲ್ಲ. ಆದರೆ ನಿಲ್ದಾಣದಿಂದ ಇಳಿದ ಮೇಲಿನ ಅರ್ಧ ಫರ್ಲಾಂಗು ದೂರವೇ ದೂರ. ಕಾಲುದಾರಿಯ ಮೇಲೆ ವಾಹನಗಳು. ಕಲ್ಲುಚಪ್ಪಡಿ ಎದ್ದ ಕಡೆ ಹಳ್ಳ. ಕೆಲವು ಉದ್ಯಾನಗಳ ಬಾಗಿಲಲ್ಲಿ ತಿನಿಸು ತರಕೂಡದೆಂಬ ಫಲಕ. ಫಲಕ ಹಾಕಿದವರನ್ನು ದೂರುವುದೂ ಸರಿಯಲ್ಲ. ತಿಂದ ಎಲೆ ಕಾಗದಗಳನ್ನು ಬೆಂಚಿನ ಕೆಳಗೆ ಬಿಟ್ಟುಹೋದವರು ನಾವೇ ಅಲ್ಲವೆ?

ಆದುದರಿಂದ ಮಿತ್ರರಲ್ಲಿ ನನ್ನ ವಿನಂತಿ ಎರಡೇ. ಮೊದಲನೆಯದು, ತಿಂದ ಜಾಗವನ್ನು ಬರುವಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿ ಬಿಟ್ಟು ಹೊರಡೋಣ. ಎರಡನೆಯದು, ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಲಿ. ತಮ್ಮ ತಮ್ಮ ಬಡಾವಣೆಯಲ್ಲಿ ಹೋಟೆಲುಗಳ ಹತ್ತಿರ ಹಿರಿಯರು ಕೂರಬಹುದಾದ ಬೆಂಚುಗಳು ಎಷ್ಟಿವೆ, ಅಲ್ಲಿಗೆ ಎಡವದೆ ನಡೆಯಬಹುದೇ ಎಂದು ಎಣಿಸಿ ಬರೆದು ನಗರಾಡಳಿತದ ಮುಂದಿಡಲಿ. ಖರ್ಚು ಬಹಳವಿಲ್ಲ, ಒಂದು ಕಲ್ಲುಬೆಂಚು ಹಾಕಿದರೆ ಎರಡು ತಲೆಮಾರು ಬಾಳುತ್ತದೆ.

ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆಯಲು ಬಹಳ ಕಾಲ ಹಿಡಿಯಿತು. ಬಾಗಿಲು ತೆರೆದ ಮೇಲೆ ಕೂರಲು ಜಾಗ ಮಾಡುವುದು ನಮ್ಮ ತಲೆಮಾರಿನ ಕೆಲಸ. ನಮ್ಮ ಅಜ್ಜಿ ಇನ್ನೊಮ್ಮೆ ಭಾನುವಾರ ಬೆಳಗ್ಗೆ ಚಪ್ಪಲಿ ಮೆಟ್ಟಿ ನಮಗಿಂತ ಮೊದಲು ಬಾಗಿಲಲ್ಲಿ ನಿಂತರೆ, ಆ ಕೆಲಸ ಆಯಿತೆಂದು ತಿಳಿಯುತ್ತೇನೆ.